ನನ್ನನ್ನೇ ಹೊರಗೆ ಹಾಕಿದ ‘ಪುಟ್ ಔಟ್’

ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಮೈಸೂರಿನ ಲಕ್ಷ್ಮೀಪುರಂ ಬಿಟ್ಟು ಗೋಕುಲಂಗೆ ಬಂದಮೇಲೆ, ನಮ್ಮ ಬೀದಿಯಲ್ಲಿ ಮಹಡಿ ಮೇಲೊಂದು ರೂಮಿದ್ದವರೆಲ್ಲ ಪರದೇಶದವರಿಗೆ ಬಾಡಿಗೆ ಕೊಡೋಕೆ ಶುರುಮಾಡಿದರು. ನಾವೂ ಕೊಟ್ಟೆವು. ನಾನು ಮದ್ದೂರು ಕಡೆಯವಳು, ಓದಿದ್ದು ಕನ್ನಡ ಮೀಡಿಯಂ. ಪುಟ್ ಗೊತ್ತು, ಟರ್ನ್ ಗೊತ್ತು, ಅಪ್ಪು ಡೌನು ಎಲ್ಲಾ ಗೊತ್ತು. ಎರಡು ಜೊತೆಗೂಡಿದರೆ ಮಾತ್ರ ಗುರುತೇ ಹತ್ತೋದಿಲ್ಲ.

ಒಂದು ಸಂಜೆ ಮೇಲಿನ ಹುಡುಗಿ, ಇಂಗ್ಲೆಂಡಿನವಳು, ಒಂದು ಬಕೆಟ್ ಬಿಸಿನೀರು ಕೇಳೋಕೆ ಬಂದವಳು ‘ಐ ಡೋಂಟ್ ವಾಂಟ್ ಟು ಪುಟ್ ಯೂ ಔಟ್’ ಅಂದಳು. ನಿಮ್ಮನ್ನು ಹೊರಗೆ ಹಾಕೋಕೆ ನನಗಿಷ್ಟ ಇಲ್ಲ! ಸಾಲ ಮಾಡಿ ಕಟ್ಟಿಸಿದ ಮನೆ ನಮ್ಮದು, ಹೊರಗೆ ಹಾಕೋಳು ಇವಳು. ನೀರು ಕೊಟ್ಟೆ, ಮುಖ ಕೊಡಲಿಲ್ಲ.

ರಾತ್ರಿ ಪಿಯುಸಿ ಓದ್ತಿದ್ದ ಮಗ ಬಿಡಿಸಿ ಹೇಳಿದ. ನಿಮಗೆ ತೊಂದರೆ ಕೊಡೋಕೆ ಇಷ್ಟ ಇಲ್ಲ ಅಂತ ಅಷ್ಟೇ ಅದರರ್ಥ. ಬೆಂಕಿ ಆರಿಸೋದೂ ಪುಟ್ ಔಟ್. ಮುಂದಕ್ಕೆ ಹಾಕೋದು ಪುಟ್ ಆಫ್. ಮನೆಯಲ್ಲಿ ಉಳಿಸಿಕೊಳ್ಳೋದು ಪುಟ್ ಅಪ್, ಅದರ ಹಿಂದೆ ‘ವಿತ್’ ಬಂದರೆ ಸಹಿಸಿಕೊಳ್ಳೋದು. ನೆಂಟರು ಮೂರು ದಿನ ಪುಟ್ ಅಪ್, ನಾಲ್ಕನೇ ದಿನದಿಂದ ಪುಟ್ ಅಪ್ ವಿತ್ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ. ನಮ್ಮ ಯಜಮಾನರ ಆಫೀಸಿನ ‘ಫೈಲ್ ಪುಟಪ್ ಮಾಡಿ’ ಬೇರೆಯದೇ ಗೋತ್ರ.

ಅಷ್ಟೆಲ್ಲ ಹೇಳಿಕೊಟ್ಟ ಮಗನೂ ಮರುವರ್ಷ ಸಿಕ್ಕಿಬಿದ್ದ. ಅವಳು ಮತ್ತೆ ಬಂದಾಗ ಹೆಮ್ಮೆಯಿಂದ ‘ಐ ಪಾಸ್ಡ್ ಔಟ್’ ಅಂದ. ಅವಳು ಗಾಬರಿಯಿಂದ, ಡಾಕ್ಟರಿಗೆ ತೋರಿಸಿದ್ರಾ ಅಂತ ನನ್ನನ್ನು ಕೇಳಿದಳು. ನಾವು ಪಾಸೌಟ್ ಆದರೆ ಸಿಹಿ ಹಂಚ್ತೀವಿ, ಅವರಲ್ಲಿ ಅದು ಜ್ಞಾನ ತಪ್ಪಿ ಬೀಳೋದು!

ಒಂದು ನಿಯಮ ಅವಳೇ ಕಲಿಸಿದ್ದು. ‘ಟರ್ನ್ ಆಫ್ ದಿ ಗೀಸರ್’ ಅಂದರೂ ಸರಿ, ‘ಟರ್ನ್ ದಿ ಗೀಸರ್ ಆಫ್’ ಅಂದರೂ ಸರಿ. ಗೀಸರ್ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ಟರ್ನ್ ಇಟ್ ಆಫ್. ಆದರೆ ಲುಕ್ ಆಫ್ಟರ್ ನಡುವೆ ಯಾರನ್ನೂ ಕೂರಿಸೋ ಹಾಗಿಲ್ಲ. ಲುಕ್ ಆಫ್ಟರ್ ಅಂದಾಗಲೇ ನನಗೆ ಹೊಳೆದದ್ದು: ನೋಡು ಬೇರೆ, ನೋಡ್ಕೋ ಬೇರೆ. ನಮ್ಮ ‘ಕೋ’ ಮಾಡೋ ಕೆಲಸವನ್ನೇ ಅವರ ‘ಆಫ್ಟರ್’ ಮಾಡ್ತಿದೆ. ನಲವತ್ತು ವರ್ಷದಿಂದ ದಿನಾ ಆಡ್ತಿರೋ ಮಾತು, ಒಂದು ಸಲವೂ ಗಮನಿಸಿರಲಿಲ್ಲ.

ಅವಳೂ ನೋಟ್‌ಬುಕ್ ಇಟ್ಟುಕೊಂಡು ಕನ್ನಡ ಕಲೀತಿದ್ದಳು. ಒಂದಿನ ಸಂಪಿನ ಮೋಟರ್ ಕೆಟ್ಟಿತು. ರಿಪೇರಿಯವನಿಗೆ ಫೋನಿನಲ್ಲಿ ‘ಮೋಟರ್ ಕೈ ಕೊಡ್ತು ಕಣಪ್ಪ’ ಅಂದದ್ದನ್ನು ಕೇಳಿಸಿಕೊಂಡು, ಮೋಟರಿಗೆ ಕೈ ಎಲ್ಲಿದೆ ಅಂದಳು. ಕೈ ಕೊಟ್ಟರೆ ಮೋಸ, ಕೈ ಹಿಡಿದರೆ ಮದುವೆ, ಕೈ ಬಿಟ್ಟರೆ ಅನಾಥ, ಕೈ ಮಾಡಿದರೆ ಏಟು. ಹೇಳ್ತಾ ಹೋದಂತೆ ನನಗೇ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ಗಂಭೀರವಾಗಿ ಬರಕೊಂಡಳು.

ಮೊನ್ನೆ ವಾಟ್ಸಾಪ್ ಬಂತು. ಡಿಸೆಂಬರಿಗೆ ಬರ್ತಾಳಂತೆ. ಕೊನೆಯ ಸಾಲು ಕನ್ನಡದಲ್ಲೇ ಇತ್ತು: ‘ಆಂಟಿ, ರೂಮು ಬೇರೆಯವರಿಗೆ ಕೊಟ್ಟು ಕೈ ಕೊಡಬೇಡಿ.’