ಶಿರಸಿ-ಸಿದ್ದಾಪುರ ಕಾಡಲ್ಲಿ ನಡೆಯೋಕೆ ಪ್ಯಾಕೇಜ್ ಬೇಡ

‘ಕಣಿವೆ ಟ್ರೆಕ್, ಊಟ, ವಸತಿ ಎಲ್ಲ ಸೇರಿ ತಲೆಗೆ 3,200 ರೂಪಾಯಿ’ ಅಂತ ಫೋನಲ್ಲಿ ಹೇಳಿದ್ದರು. ದಾಂಡೇಲಿ ಕಡೆಯ ಒಂದು ಹೋಮ್‌ಸ್ಟೇ. ಹೆಸರು ಬೇಡ ಬಿಡಿ, ಅಂಥವು ಅಲ್ಲಿ ಬೇಕಾದಷ್ಟಿವೆ. ಹೋಗಿ ನೋಡಿದರೆ ಟ್ರೆಕ್ ಅಂದರೆ ಹಿತ್ತಲ ಬೇಲಿ ದಾಟಿ ಒಂದು ಹಳ್ಳದವರೆಗೆ ಇಪ್ಪತ್ತು ನಿಮಿಷದ ನಡಿಗೆ. ಮುಂದೆ ಒಬ್ಬ ಹುಡುಗ, ಹಿಂದೆ ಒಂದು ಮದುವೆ ದಿಬ್ಬಣದಷ್ಟು ಜನ. ಹಳ್ಳದ ಹತ್ತಿರ ಎಲ್ಲರ ರೀಲ್ಸ್ ಮುಗಿಯುವವರೆಗೆ ಕಾಯಬೇಕು. ರಾತ್ರಿ ಹನ್ನೊಂದಾದರೂ ಸ್ಪೀಕರ್ ನಿಲ್ಲಲಿಲ್ಲ. ಕಣಿವೆ ಎಲ್ಲಪ್ಪಾ ಅಂದರೆ ಆ ಹುಡುಗ, ‘ಅದು ಜೀಪಲ್ಲಿ ಹೋಗೋದು ಸಾರ್, ಅದಕ್ಕೆ ಬೇರೆ ಕೊಡಬೇಕು’ ಅಂದ.

ಅವನು ಹೇಳಿದ ಜಾಗ ಸಿಂಥೇರಿ ರಾಕ್ಸ್. ಜೋಯಿಡಾ ತಾಲೂಕಿನಲ್ಲಿದೆ. ಕಾನೇರಿ ನದಿ ಕೊರೆದುಕೊಂಡು ಹೋದ ಕಮರಿ, ಅದರ ಪಕ್ಕದಲ್ಲಿ ಸುಮಾರು 300 ಅಡಿ ಎತ್ತರದ ಒಂದೇ ಬಂಡೆ. ಜಾಗ ನಿಜಕ್ಕೂ ಚೆನ್ನಾಗಿದೆ, ಬಿಡಬೇಡಿ. ಆದರೆ ಅದು ಟ್ರೆಕ್ ಅಲ್ಲ. ಗಾಡಿ ನಿಲ್ಲಿಸಿ ಮೆಟ್ಟಿಲಿಳಿದರೆ ಮುಗಿಯಿತು. ನೀರು ಶಾಂತವಾಗಿದೆ ಅಂತ ಇಳಿಯಬೇಡಿ, ಒಳಗೆ ಆಳವೂ ಇದೆ, ಸೆಳೆತವೂ ಇದೆ. ಬಂಡೆಯ ಮೇಲೆ ಹೆಜ್ಜೇನು ಕಟ್ಟಿರುತ್ತದೆ, ಅಲ್ಲಿ ಸಿಗರೇಟು ಹಚ್ಚುವವರನ್ನು ಕಂಡರೆ ದೂರ ನಿಲ್ಲಿ.

ಮರುದಿನ ಬೆಳಿಗ್ಗೆಯೇ ಚೀಲ ಹೊತ್ತುಕೊಂಡು ಹೊರಟೆವು. ಆಮೇಲಿನ ಪ್ರವಾಸ ಹೆಚ್ಚಾಗಿ ಹಳ್ಳಿ ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ. ಇದನ್ನು ಬರೆಯುತ್ತಿರುವುದೇ ಅದನ್ನು ಹೇಳೋಕೆ. ಉತ್ತರ ಕನ್ನಡದ ಶಿರಸಿ-ಸಿದ್ದಾಪುರ ಭಾಗದಲ್ಲಿ ನಡೆಯುವವರಿಗೆ ಬೇಕಾದ ದಾರಿಗಳು ಆಗಲೇ ಇವೆ. ಶಾಲೆಗೆ, ಡೇರಿಗೆ, ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಊರವರು ದಿನಾ ಓಡಾಡುವ ಕಾಲುದಾರಿಗಳು. ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು ಕೇಳಿದರೆ ಸಾಕು.

ನಮಗೆ ತುಂಬಾ ಹಿಡಿಸಿದ್ದು ಉಂಚಳ್ಳಿ ಜಲಪಾತದ ದಾರಿ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯಿಂದ ಐದಾರು ಕಿಲೋಮೀಟರ್. ಜಲಪಾತದ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಹೆಚ್ಚಿನವರು ಹಾಗೇ ಬಂದು ಹಾಗೇ ಹೋಗುತ್ತಾರೆ. ನಡೆದರೆ ಸಿಗುವ ಮಜಾನೇ ಬೇರೆ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಬೆಟ್ಟ, ನಡುವೆ ಹಳ್ಳ. ಹಳ್ಳಕ್ಕೆ ಅಡಿಕೆ ದಬ್ಬೆಯ ಸಂಕ, ಅಂದರೆ ಸೀಳಿದ ಅಡಿಕೆ ಮರದ ಕಾಲುಸೇತುವೆ. ಸಂಕ ನೋಡಿ ಹೆದರಬೇಕಿಲ್ಲ, ಆದರೆ ಮಳೆಗಾಲ ಮುಗಿದ ಹೊಸತರಲ್ಲಿ ಅದಕ್ಕೆ ಹಾವಸೆ ಹಿಡಿದಿರುತ್ತದೆ. ಅಲ್ಲಿನ ಮಕ್ಕಳು ಪಾಟಿಚೀಲ ಹೊತ್ತು ಓಡಿಹೋಗುವ ಸಂಕದ ಮೇಲೆ ನಾವು ಕೂತುಕೊಂಡೇ ಸರಿದೆವು. ನಾಚಿಕೆ ಏನಿಲ್ಲ, ಹಾಗೇ ಮಾಡಿ. ಪಾದ ಅಡ್ಡ ಇಟ್ಟರೆ ಜಾರುವುದು ಕಡಿಮೆ ಅಂತ ಎದುರಿಂದ ಬಂದ ಒಬ್ಬ ಅಜ್ಜ ತೋರಿಸಿಕೊಟ್ಟರು.

ಇನ್ನೊಂದು ವಿಷಯ, ದಣಪೆ. ಬೇಲಿಯ ನಡುವೆ ಎರಡು ಕಂಬ ನಿಲ್ಲಿಸಿ, ಅವುಗಳ ತೂತಿನಲ್ಲಿ ಬಿದಿರಿನ ಗಳ ತೂರಿಸಿ ಮಾಡಿದ ಬಾಗಿಲು. ಗಳ ಸರಿಸಿ ದಾಟಿದ ಮೇಲೆ ಮತ್ತೆ ಮೊದಲಿನ ಹಾಗೆ ಹಾಕಿ ಹೋಗಬೇಕು. ಹಾಕದಿದ್ದರೆ ದನ ನುಗ್ಗಿ ತೋಟ ಹಾಳು. ‘ಪೇಟೆಯಿಂದ ಬಂದವರು ದಣಪೆ ಹಾಕೂದೇ ಇಲ್ಲ’ ಅಂತ ಒಬ್ಬರು ಬೈದದ್ದು ನಮ್ಮ ಮುಂದೆ ಹೋದ ಗುಂಪಿಗೆ. ಕೇಳಿಸಿಕೊಂಡದ್ದು ನಾವು.

ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುತ್ತದೆ. ಊರವರು ಕೆಪ್ಪಜೋಗ ಅನ್ನುತ್ತಾರೆ, ಮಳೆಗಾಲದ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಮಳೆಗಾಲದಲ್ಲೇ ನೋಡಬೇಕು ಅಂತ ಹಟ ಹಿಡಿಯುವವರಿಗೆ ಒಂದು ಮಾತು. ಜುಲೈ-ಆಗಸ್ಟಿನಲ್ಲಿ ಎಷ್ಟೋ ಸಲ ಬರೀ ಮಂಜು ಕಾಣುತ್ತದೆ, ಜಲಪಾತ ಕೇಳುತ್ತದೆ ಅಷ್ಟೇ. ಅಕ್ಟೋಬರ್ ಕೊನೆಯಿಂದ ನವೆಂಬರ್ ತನಕ ನೀರೂ ಇರುತ್ತದೆ, ಕಣಿವೆಯೂ ಪೂರ್ತಿ ಕಾಣುತ್ತದೆ. ನೋಡುವ ಕಟ್ಟೆಯಿಂದ ಆಚೆ, ಬುಡಕ್ಕೆ ಇಳಿಯುವ ಸಾಹಸ ಬೇಡ.

ಉಂಬಳದ (ಜಿಗಣೆ) ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಉಂಬಳ ಕಚ್ಚಿದರೆ ಸ್ವಲ್ಪ ರಕ್ತ ಹೋಗುತ್ತದೆ, ತುರಿಕೆ ಬರುತ್ತದೆ, ಅಷ್ಟೇ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ, ಕಿತ್ತು ಎಳೆಯಬೇಡಿ. ನಿಜವಾಗಿ ಹೆದರಬೇಕಾದದ್ದು ಉಣುಗಿಗೆ (ಉಣ್ಣಿ), ಅದರ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ, ಸಿದ್ದಾಪುರ ಪಕ್ಕದ ತಾಲೂಕು. ಡಿಸೆಂಬರಿನಿಂದ ಮೇವರೆಗೆ, ಎಲೆ ಉದುರಿ ಕಾಡು ಒಣಗಿದಾಗ ಉಣುಗು ಜಾಸ್ತಿ. ಆ ತಿಂಗಳುಗಳಲ್ಲಿ ಹೋಗುವವರು ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ಮಂಗ ಸತ್ತಿದೆ ಅಂತ ಸುದ್ದಿ ಇದ್ದರೆ ಆ ಕಾಡಿಗೆ ಕಾಲಿಡಬೇಡಿ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ದೂರ ಇಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿ. ಒಣ ಎಲೆಯ ಮೇಲೆ ಕೂರುವ ಆಸೆ ಬಿಡಿ. ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆ ನೆನೆಹಾಕಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳಲೇಬೇಕು.

ಊಟದ ಮಾತಿಗೆ ಬರುತ್ತೇನೆ, ಇಷ್ಟು ಹೊತ್ತು ತಡೆದದ್ದೇ ಹೆಚ್ಚು. ಸಿದ್ದಾಪುರ ಪೇಟೆಯಲ್ಲಿ ಬೋರ್ಡು ಮಾಸಿದ ಒಂದು ಸಣ್ಣ ಖಾನಾವಳಿ. ಎರಡೇ ಬೆಂಚು. ಬೆಳಿಗ್ಗೆ ತೆಳ್ಳೇವು ಅನ್ನುವ ತೆಳು ದೋಸೆ, ಅದಕ್ಕೆ ಪಾಕದಂಥ ಜೋನಿಬೆಲ್ಲ, ಮೇಲೆ ಒಂದು ಚಮಚ ತುಪ್ಪ. ತೆಳ್ಳೇವು ಎಷ್ಟು ತೆಳ್ಳಗೆ ಅಂದರೆ ಕೆಳಗಿನ ಬಾಳೆಎಲೆಯ ಗೆರೆ ಕಾಣುತ್ತಿತ್ತು. ಸಾಕು ಅಂತ ಕೈ ಅಡ್ಡ ಹಿಡಿದರೂ ಒಳಗಿನಿಂದ ಬಂದ ಅಮ್ಮ, ‘ಇನ್ನೊಂದು ಹಾಕ್ತೆ ತಮಾ, ತಣಿದ್ರೆ ಚೊಲೋ ಇರೂದಿಲ್ಲ’ ಅಂತ ಹಾಕಿಯೇ ಬಿಟ್ಟರು. ಅದಕ್ಕೆ ದುಡ್ಡು ಸೇರಿಸಲಿಲ್ಲ. ಮಧ್ಯಾಹ್ನ ಅಲ್ಲೇ ಊಟ: ಕೆಂಪಕ್ಕಿ ಅನ್ನ, ಒಂದೆಲಗದ ತಂಬುಳಿ, ಹುರಿದ ಬಾಳೆಕಾಯಿ, ಕೊನೆಗೆ ಲೋಟದಲ್ಲಿ ಅಪ್ಪೆಹುಳಿ. ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸಿಕೊಳ್ಳುವುದಕ್ಕಿಂತ ಕುಡಿಯಬೇಕು. ಕಾಡು ಮಾವಿನ ಹುಳಿ, ಇಂಗಿನ ಒಗ್ಗರಣೆ, ಒಂದು ಸೂಜಿಮೆಣಸು. ಬಿಸಿಲಲ್ಲಿ ನಡೆದು ಬಂದವರಿಗೆ ಎರಡು ಲೋಟ ಬೇಕು. ಊಟದ ಬೆಲೆ 70 ರೂಪಾಯಿ. ದಾಂಡೇಲಿಯ ಆ ಹೋಮ್‌ಸ್ಟೇಯ ನೀರು ಸಾಂಬಾರು ನೆನಪಾಗಿ ಮತ್ತೆ ಸಿಟ್ಟು ಬಂತು. ಈ ಖಾನಾವಳಿಯಲ್ಲಿ ಊಟ ಮಧ್ಯಾಹ್ನ ಎರಡಕ್ಕೆ ಖಾಲಿ, ಬೇಗ ಹೋಗಿ. ಯುಪಿಐ ಇದೆ, ಆದರೆ ನೆಟ್‌ವರ್ಕ್ ಇರಬೇಕಲ್ಲ, ಚಿಲ್ಲರೆ ಇಟ್ಟುಕೊಳ್ಳಿ.

ಯಾಣಕ್ಕೂ ಹೋದೆವು. ‘ಸೊಕ್ಕಿದ್ದವನು ಯಾಣಕ್ಕೆ ಹೋಗು, ರೊಕ್ಕಿದ್ದವನು ಗೋಕರ್ಣಕ್ಕೆ ಹೋಗು’ ಅನ್ನುವ ಮಾತು ಹುಟ್ಟಿದ್ದು ಕಾಡಲ್ಲಿ ಮೈಲಿಗಟ್ಟಲೆ ನಡೆಯಬೇಕಿದ್ದ ಕಾಲದಲ್ಲಿ. ಈಗ ಯಾಣಕ್ಕೂ ರೊಕ್ಕವೇ ಬೇಕು, ನಡಿಗೆ ಒಂಚೂರು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಸುಣ್ಣಕಲ್ಲು. ಕತ್ತೆತ್ತಿ ನೋಡಿದಾಗ ಮಾತು ನಿಂತದ್ದು ಹೌದು, ಆದರೆ ಅದು ಭಾನುವಾರ. ಬಂಡೆಯ ಸೀಳಿನೊಳಗೆ ಸಾಲಾಗಿ ನಿಂತು ಹೋಗಬೇಕಾಯಿತು. ಜನರ ಗದ್ದಲ ನನಗೆ ಆಗಿಬರುವುದಿಲ್ಲ, ನಿಮಗೆ ಆಗುತ್ತದೆ ಅಂದರೆ ಬೇರೆ ಮಾತು. ವಾರದ ನಡುವೆ ಬೆಳಿಗ್ಗೆ ಬೇಗ ಹೋಗಿ. ಮತ್ತೆ ಆಟೋದವರ ಜೊತೆ ಹೋಗಿಬರುವುದಕ್ಕೆ, ಕಾಯುವುದಕ್ಕೆ ಸೇರಿಸಿ ಮೊದಲೇ ಮಾತಾಡಿ. ನಮ್ಮವನು ಹೋಗುವಾಗ ಒಂದು ರೇಟು ಹೇಳಿ, ವಾಪಸ್ ಬಸ್ ಇಲ್ಲ ಅಂತ ಗೊತ್ತಾದ ಮೇಲೆ ಅದರ ಎರಡರಷ್ಟು ಕೇಳಿದ. ಯಾಣದಿಂದ ಹತ್ತು ಕಿಲೋಮೀಟರಿನಷ್ಟು ದೂರದ ವಿಭೂತಿ ಜಲಪಾತವನ್ನೂ ಅದೇ ಬಾಡಿಗೆಯಲ್ಲಿ ಸೇರಿಸಿಕೊಳ್ಳಿ.

ಯಲ್ಲಾಪುರ ಕಡೆ ಬೇಡ್ತಿ ನದಿಯ ಮಾಗೋಡು ಜಲಪಾತವನ್ನು ಎದುರು ಗುಡ್ಡದಿಂದ ದೂರದಲ್ಲೇ ನೋಡಬೇಕು. ಹತ್ತಿರದ ಜೇನುಕಲ್ಲು ಗುಡ್ಡ ಅದಕ್ಕಿಂತ ವಾಸಿ, ಕೆಳಗೆ ಕಣಿವೆ, ಅದರಲ್ಲಿ ತಿರುಗುತ್ತಾ ಹೋಗುವ ಬೇಡ್ತಿ. ಸಂಜೆ ಎಲ್ಲರೂ ಸೂರ್ಯಾಸ್ತಕ್ಕೆ ಅಲ್ಲಿಗೇ ಬರುತ್ತಾರೆ, ನೀವು ಬೆಳಿಗ್ಗೆ ಹೋಗಿ. ಶಾಲ್ಮಲೆ ಹೊಳೆಯ ಬಂಡೆಗಳಲ್ಲಿ ಲಿಂಗ ಕೆತ್ತಿರುವ ಸಹಸ್ರಲಿಂಗಕ್ಕೆ ಮಳೆಗಾಲದಲ್ಲಿ ಹೋದರೆ ಲಿಂಗಗಳೆಲ್ಲ ನೀರಿನಡಿ, ಶಿವರಾತ್ರಿಗೆ ಹೋದರೆ ಜನರ ನಡುವೆ. ಜನವರಿ-ಫೆಬ್ರವರಿಯ ಯಾವುದಾದರೂ ಸಾದಾ ದಿನ ಸರಿ.

ಉಳಿಯೋಕೆ ಶಿರಸಿ ಪೇಟೆಯ ಸಾಧಾರಣ ಲಾಡ್ಜು ಸಾಕು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಸಮಯದಲ್ಲಿ ಮಾತ್ರ ರೂಮಿನ ಆಸೆ ಬೇಡ. ಜೋರು ಮಳೆ ಇದ್ದರೆ ಕುಮಟಾ ಕಡೆ ಹೊರಡುವ ಮೊದಲು ದೇವಿಮನೆ ಘಾಟಿ ತೆರೆದಿದೆಯಾ ಅಂತ ಕೇಳಿ, ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ಹಳ್ಳಿ ಬಸ್ಸಿನ ಸಮಯವನ್ನು ಮೊಬೈಲಲ್ಲಿ ಹುಡುಕಬೇಡಿ. ಹೋಗುವಾಗಲೇ ಕಂಡಕ್ಟರನ್ನು ‘ವಾಪಸ್ ಕೊನೆ ಬಸ್ ಎಷ್ಟಕ್ಕೆ?’ ಅಂತ ಕೇಳಿ, ಇಳಿದ ಮೇಲೆ ಅಲ್ಲಿನ ಅಂಗಡಿಯಲ್ಲೂ ಒಮ್ಮೆ ಕೇಳಿ. ಇಬ್ಬರೂ ಬೇರೆ ಬೇರೆ ಹೇಳಿದರೆ ಮೊದಲು ಬರುವ ಬಸ್ಸಿನ ಲೆಕ್ಕ ಹಿಡಿಯಿರಿ.