‘ಡಿಡಿಎಲ್‌ಜೆ ಇಷ್ಟ ಇಲ್ವಾ ನಿಂಗೆ?’

ಇಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಕೇಳುವ ಧಾಟಿಗೇ ಸಿಟ್ಟು ಬರುತ್ತದೆ. ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಅನ್ನುವ ಹಿಂದಿ ಸಿನಿಮಾ ಇಷ್ಟವಿಲ್ಲ ಅಂದ ಕೂಡಲೇ “ಯಾಕೆ, ಲವ್ ಅಂದ್ರೆ ಆಗಲ್ವಾ?” ಅನ್ನುತ್ತಾರೆ. “ಮನೇಲಿ ಎಲ್ಲಾ ಸರಿಯಾಗಿದೆ ತಾನೇ?” ಅಂತ ಒಬ್ಬರು ಕೇಳಿದ್ದೂ ಉಂಟು. ನಾನು ಸಿನಿಮಾದ ಮಾತಾಡಿದರೆ ಅವರು ನನ್ನ ಸಂಸಾರ ವಿಚಾರಿಸುತ್ತಾರೆ. ಪ್ರೀತಿ ನನಗೆ ಇಷ್ಟ. ಕಾಜೋಲ್ ಬಹಳ ಇಷ್ಟ. ಜತಿನ್-ಲಲಿತ್ ಹಾಡುಗಳು ಒಂದೂ ಬಿಡದೆ ಬಾಯಿಗೆ ಬರುತ್ತವೆ. ಯುರೋಪಿನಲ್ಲಿ ರೈಲು ತಪ್ಪಿಸಿಕೊಂಡು ನಾಯಕ ನಾಯಕಿ ಇಬ್ಬರೂ ಜಗಳವಾಡುತ್ತಾ ಅಲೆಯುವ ಭಾಗಕ್ಕೆ ಈಗಲೂ ನಗುತ್ತೇನೆ, ಒಂದು ಕಡೆ ಬಿಟ್ಟು. ಕುಡಿದು ಮಲಗಿ ಬೆಳಿಗ್ಗೆ ಎದ್ದ ಹುಡುಗಿಗೆ ರಾತ್ರಿ ಏನೋ ನಡೆದುಹೋಯಿತು ಅಂತ ನಂಬಿಸಿ ಅಳಿಸುವುದು ತಮಾಷೆಯಲ್ಲ.

ನನ್ನ ತಕರಾರು ಅಲ್ಲಿಲ್ಲ, ಲಜ್ಜೊ ಹತ್ತಿರ ಇದೆ. ನಾಯಕಿ ಸಿಮ್ರನ್‌ಳ ಅಮ್ಮ, ಫರೀದಾ ಜಲಾಲ್ ಮಾಡಿದ ಪಾತ್ರ.

ಕಥೆ ಗೊತ್ತಿಲ್ಲದವರು ಕಡಿಮೆ. ಲಂಡನ್ನಿನಲ್ಲಿ ಅಂಗಡಿ ಇಟ್ಟಿರುವ ಬಲದೇವ್ ಸಿಂಗ್, ಪಂಜಾಬಿನ ಗೆಳೆಯನಿಗೆ ಎಂದೋ ಮಾತು ಕೊಟ್ಟಿದ್ದಾನೆಂದು ಮಗಳನ್ನು ಅವನ ಮಗನಿಗೆ ಕೊಡಲು ಹೊರಡುತ್ತಾನೆ. ಅವಳು ಪ್ರೀತಿಸಿದ ರಾಜ್ ಹಿಂದೆಯೇ ಬಂದು ಆ ಮದುವೆ ಮನೆಯೊಳಗೆ ಸೇರಿಕೊಳ್ಳುತ್ತಾನೆ. ಅಣ್ಣತಮ್ಮಂದಿರು ಓದಲೆಂದು ತನ್ನ ಓದು ನಿಂತಿತು, ಮಗಳಾಗಿ ಸೊಸೆಯಾಗಿ ಬರೀ ಬಿಟ್ಟುಕೊಟ್ಟದ್ದೇ ಆಯಿತು ಅಂತ ಲಜ್ಜೊ ಮಗಳ ಮುಂದೆ ಹೇಳಿಕೊಳ್ಳುತ್ತಾಳೆ. ಮುಂದೆ ಅದೇ ಲಜ್ಜೊ ತನ್ನ ಒಡವೆಯ ಗಂಟು ತಂದು ರಾಜ್ ಕೈಗಿಟ್ಟು, ಇವಳನ್ನು ಕರೆದುಕೊಂಡು ಹೋಗಿಬಿಡು ಅನ್ನುತ್ತಾಳೆ. ರಾಜ್ ಗಂಟು ವಾಪಸ್ ಕೊಡುತ್ತಾನೆ. ಅಪ್ಪ ಒಪ್ಪಿ ಕೊಟ್ಟರೆ ಮಾತ್ರ ಕರೆದುಕೊಂಡು ಹೋಗುತ್ತಾನಂತೆ.

ಇದನ್ನು ನಾನು ಮರೆಯಲಾಗದಂತೆ ನೋಡಿದ್ದು ತೀರ್ಥಹಳ್ಳಿ ಕಡೆಯ ಒಂದು ಮದುವೆ ಮನೆಯಲ್ಲಿ, ಧಾರೆಯ ಹಿಂದಿನ ರಾತ್ರಿ. ಹೆಂಗಸರೆಲ್ಲ ಬಾಳೆನಾರು ಹಿಡಿದು ಸೇವಂತಿಗೆ ಕಟ್ಟುತ್ತಾ ಕೂತಿದ್ದರು, ಮೂಲೆಯಲ್ಲಿ ಟಿವಿ. ದೊಡ್ಡಮ್ಮನಿಗೆ ಹಿಂದಿ ಒಂದಕ್ಷರ ಬಾರದು. ಗಂಟು ಕಂಡದ್ದೇ ಕೈ ನಿಲ್ಲಿಸಿದರು. ಅವನು ತಿರುಗಿ ಕೊಟ್ಟಾಗ ನನ್ನನ್ನು ಕೇಳಿದರು: “ಯಾಕಂತೆ?”

“ದೊಡ್ಡೋರು ಒಪ್ಪಬೇಕಂತೆ ದೊಡ್ಡಮ್ಮ.”

“ಹೆತ್ತೋಳೇ ಹೋಗು ಅಂತಿದಾಳಲ್ಲೇ. ಅವಳು ದೊಡ್ಡೋಳಲ್ವಾ?”

ಯಾರೂ ಉತ್ತರ ಕೊಡಲಿಲ್ಲ. ನನ್ನಲ್ಲೂ ಇರಲಿಲ್ಲ. ಅಲ್ಲಿಯವರೆಗೆ ಆ ದೃಶ್ಯಕ್ಕೆ ನಾನೂ ಕಣ್ಣೀರು ಹಾಕಿದವಳೇ.

“ಓಡಿಸಿಕೊಂಡು ಹೋಗಲಿಲ್ಲ, ಹಿರಿಯರಿಗೆ ಮರ್ಯಾದೆ ಕೊಟ್ಟ” ಎಂದು ಹೊಗಳುವವರಿಗೆ ನಾನು ಹೇಳುವುದು ಇಷ್ಟೇ: ಆ ಮನೆಯಲ್ಲಿ ಹಿರಿಯರು ಇಬ್ಬರಿದ್ದರು. ಅವನು ಮರ್ಯಾದೆ ಕೊಟ್ಟದ್ದು ಒಬ್ಬರಿಗೆ. ಕರೆದುಕೊಂಡು ಹೋಗು ಅಂತ ಸಿಮ್ರನ್ ಬೇಡಿದಳು, ಅವಳಮ್ಮ ಬೇಡಿದಳು. ಇಬ್ಬರು ಹೆಂಗಸರ ‘ಹೂಂ’ ಸೇರಿದರೂ ಒಬ್ಬ ಗಂಡಸಿನ ‘ಊಹೂಂ’ಗೆ ಸಾಟಿಯಾಗಲಿಲ್ಲ. ಕೊನೆಗೆ ರೈಲ್ವೆ ಸ್ಟೇಷನ್ನಿನಲ್ಲಿ ಅಪ್ಪ ಹಿಡಿದ ಕೈ ಬಿಟ್ಟು ಹೋಗು ಅಂದಾಗ ಥಿಯೇಟರಿಗೆ ಥಿಯೇಟರೇ ಅಳುತ್ತದೆ. ಅದೇ ಮಾತನ್ನು ಅಮ್ಮ ಆಗಲೇ ಹೇಳಿಯಾಗಿತ್ತು, ಒಡವೆ ಸಮೇತ.

“ಆ ಕಾಲ ಹಾಗಿತ್ತು” ಅನ್ನುತ್ತಾರೆ. ಹೌದು, ಹಾಗೇ ಇತ್ತು. ಸಿನಿಮಾ ಬಂದದ್ದು 1995ರ ಅಕ್ಟೋಬರಿನಲ್ಲಿ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯಿದೆಯಲ್ಲಿ ಮಕ್ಕಳ ಸಹಜ ಪೋಷಕ ತಂದೆ, ‘ಅವನ ನಂತರ’ ತಾಯಿ. ಮಗನ ಹೆಸರಿನ ಬಾಂಡಿಗೆ ತಾಯಿಯ ಸಹಿ ಸಾಲದು ಅನ್ನಿಸಿಕೊಂಡ ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿಗೆ ಹೋದರು. ‘ನಂತರ’ ಅಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಓದಬಾರದು ಎಂದು ಕೋರ್ಟು ಹೇಳಿದ್ದು 1999ರಲ್ಲಿ. ಸಿಮ್ರನ್ ಬೆಳೆದ ಹುಡುಗಿ, ಅವಳಿಗೆ ಈ ಕಾಯಿದೆ ಸಂಬಂಧವಿಲ್ಲ. ಆದರೆ ನನ್ನ ಮಾರ್ಕ್ಸ್ ಕಾರ್ಡಿಗೆ ಅಮ್ಮ ಸಹಿ ಹಾಕಿ ಕಳಿಸಿದಾಗ “ಅಪ್ಪನ ಸೈನ್ ಹಾಕಿಸ್ಕೊಂಡ್ ಬಾ” ಅಂತ ವಾಪಸ್ ಕಳಿಸಿದ್ದು ನೆನಪಿದೆ. ವಾರವಿಡೀ ಪಕ್ಕದಲ್ಲಿ ಕೂತು ಓದಿಸಿದವಳು ಅಮ್ಮ. ಕಾಲ ಹಾಗಿದ್ದರೆ ಅದಕ್ಕೆ ದುಃಖ ಪಡಬೇಕಿತ್ತು. ಈ ಸಿನಿಮಾ ಅದನ್ನು ಒಳ್ಳೆಯ ಹುಡುಗನ ಲಕ್ಷಣ ಮಾಡಿತು. ಮುಂಬೈನ ಮರಾಠಾ ಮಂದಿರ ಥಿಯೇಟರಿನಲ್ಲಿ ಸಾವಿರಕ್ಕೂ ಹೆಚ್ಚು ವಾರ ಓಡಿಸಿ ನಾವೆಲ್ಲ ಅದಕ್ಕೆ ಸೈ ಅಂದೆವು.

ಫರೀದಾ ಜಲಾಲ್‌ಗೆ ಈ ಪಾತ್ರಕ್ಕೆ ಫಿಲಂಫೇರ್ ಪ್ರಶಸ್ತಿ ಬಂತು. ಲಜ್ಜೊಗೆ ಏನು ಬಂತು? ಇಷ್ಟ ಇಲ್ವಾ ಅನ್ನುವುದರ ಬದಲು ಇದನ್ನು ಯಾರಾದರೂ ಕೇಳಬಾರದೇ ಅನ್ನಿಸುತ್ತದೆ. ರೈಲು ಹೊರಟ ಮೇಲೆ ಅವಳು ಅದೇ ಗಂಡನ ಜೊತೆ ಮನೆಗೆ ಹೋಗಬೇಕು. ಅವನ ಬೆನ್ನ ಹಿಂದೆ ಮಗಳನ್ನು ಕಳಿಸಲು ಹೊರಟವಳು ಅವಳು.

ಕೇಳಿದ್ದು ದೊಡ್ಡಮ್ಮ ಒಬ್ಬರೇ. ಸಿನಿಮಾ ಮುಗಿದು, ಉಳಿದವರೆಲ್ಲ ಚಾಪೆ ಹಾಸಿಕೊಳ್ಳುತ್ತಿದ್ದಾಗ, ಕಟ್ಟಿದ ಹೂವಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಾ ಅಂದರು: “ಪಾಪ, ಆ ಗಂಟನ್ನ ತಿರುಗಿ ಎಲ್ಲಿ ಬಚ್ಚಿಟ್ಟಳೋ.”