‘ಈ ಡ್ರೆಸ್ ಯಾವ ಊರಿಂದ ತಂದ್ರಿ?’ ಅಂತ ಕೇಳುವವರಿಗೆ

ಮದುವೆ ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರು ಕೂಡ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಈ ಡ್ರೆಸ್ ಯಾವ ಊರಿಂದ ತಂದ್ರಿ?" ನಾನು ತಿರುಗಾಡುವುದು ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಬಟ್ಟೆಯೂ ಅಲ್ಲಿಂದಲೇ ಬಂದಿರಬೇಕು ಅಂತ ಅವರ ಅಂದಾಜು. ನಿಜ ಹೇಳಿದರೆ ನಂಬುವುದಿಲ್ಲ. ನನ್ನ ಬಟ್ಟೆ ಬಹುಪಾಲು ದಾವಣಗೆರೆಯದೇ. ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಟ್ಟಿದ್ದು, ನಮ್ಮ ಬೀದಿಯ ಟೈಲರ್ ಹೊಲಿದಿದ್ದು. ಊರೂರಿಂದ ನಾನು ತರುವುದು ಅಳತೆ. ಯಾವ ಬಣ್ಣ ಎಷ್ಟಿರಬೇಕು, ಗೆರೆ ಎಲ್ಲಿ ನಿಲ್ಲಬೇಕು, ಎಷ್ಟು ಜಾಗ ಖಾಲಿ ಬಿಡಬೇಕು ಅನ್ನುವ ಅಳತೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಿತ್ರದುರ್ಗ, ಹಿರಿಯೂರು, ಶಿರಾ ದಾಟಿ ಹಿಂದೂಪುರದ ಕಡೆ ಹೋದರೆ ಲೇಪಾಕ್ಷಿ ಸಿಗುತ್ತದೆ. ಈಗ ಆಂಧ್ರದಲ್ಲಿದೆ, ಆದರೆ ವಿಜಯನಗರದವರ ಕಾಲದ ಕೆಲಸ, 16ನೇ ಶತಮಾನದ್ದು. ಬಂದವರು ದೊಡ್ಡ ಬಸವಣ್ಣನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನೇತಾಡುವ ಕಂಬದ ಕೆಳಗೆ ಬಟ್ಟೆ ತೂರಿಸಿ ನೋಡುತ್ತಾರೆ. ವೀರಭದ್ರ ದೇವಸ್ಥಾನದ ಒಳಗೆ ನಿಂತು ಕತ್ತೆತ್ತುವವರು ಕಡಿಮೆ. ಮಂಟಪದ ಚಾವಣಿ ತುಂಬಾ ಚಿತ್ರಗಳಿವೆ. ಪಾರ್ವತಿಯ ಮದುವೆ ಇದೆ, ಅರ್ಜುನ ಮತ್ತು ಕಿರಾತನ ಕಥೆ ಇದೆ. ನನ್ನ ಕಣ್ಣು ಮಾತ್ರ ಅಲ್ಲಿ ಸಾಲಾಗಿ ನಿಂತ ಹೆಂಗಸರ ಸೀರೆ ಮೇಲೆ. ಒಂದರಲ್ಲಿ ಚೌಕಳಿ, ಒಂದರಲ್ಲಿ ಪಟ್ಟೆ, ಇನ್ನೊಂದರ ತುಂಬಾ ಚುಕ್ಕಿ, ಹೂವು. ಅಷ್ಟೊಂದು ಡಿಸೈನ್ ಒಟ್ಟಿಗೆ ಇದ್ದರೂ ಕಣ್ಣಿಗೆ ಗಲಾಟೆ ಅನ್ನಿಸುವುದಿಲ್ಲ. ಯಾಕೆ ಅಂತ ಕೂತು ನೋಡಿದರೆ ಗೊತ್ತಾಗುತ್ತದೆ. ಅಲ್ಲಿರುವ ಬಣ್ಣಗಳೇ ಕಡಿಮೆ. ಕೆಮ್ಮಣ್ಣಿನ ಕೆಂಪು, ಹಳದಿ ಮಣ್ಣಿನ ಬಣ್ಣ, ಕಪ್ಪು, ಬಿಳಿ, ಅಲ್ಲಲ್ಲಿ ಒಂಚೂರು ಹಸಿರು. ಎಲ್ಲ ಸೀರೆಗಳೂ ಅಷ್ಟರಲ್ಲೇ ಆಗಿವೆ.

ನಾನು ಚೌಕಳಿ ಕುರ್ತಾದ ಮೇಲೆ ಪಟ್ಟೆ ದುಪಟ್ಟಾ ಹಾಕುವುದು ಶುರುವಾಗಿದ್ದು ಆ ಚಾವಣಿ ನೋಡಿದ ಮೇಲೆ. ಎರಡರಲ್ಲೂ ಇಟ್ಟಿಗೆ ಕೆಂಪು ಇರಬೇಕು, ಎರಡರಲ್ಲೂ ಕಪ್ಪು ಇರಬೇಕು, ಮೂರನೇ ಬಣ್ಣ ಬೇಡ. ಅಷ್ಟೇ ನಿಯಮ. ಹೊರಗೆ ಲತಾ ಮಂಟಪದ ಕಂಬಗಳನ್ನೂ ನೋಡಿ. ಕಂಬಕ್ಕೊಂದು ಬಳ್ಳಿ, ಹೂವಿನ ನಮೂನೆ. ಅವನ್ನು ನೋಡಿ ನೇಕಾರರು ಸೀರೆ ಅಂಚಿಗೆ ಡಿಸೈನ್ ಇಳಿಸಿದ್ದಾರೆ. ಕಲ್ಲಿನಿಂದ ಮಗ್ಗಕ್ಕೆ ಹೋದ ದಾರಿ ಅಷ್ಟು ಹತ್ತಿರದ್ದು.

ಇನ್ನೊಂದು ಅಳತೆ ಮಲೆನಾಡಿನದು. ಸಾಗರ, ಸಿರಸಿ ಕಡೆ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ವಾ? ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಯ ಬಿಳಿ. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. ಗೆರೆಗಳು ಎಷ್ಟು ಸಣ್ಣ ಅಂದರೆ, ದೂರದಿಂದ ನೋಡಿದರೆ ಗೋಡೆಗೆ ನೇಯ್ದ ಬಟ್ಟೆ ಹಾಸಿದಂತೆ ಕಾಣುತ್ತದೆ. ಕೆಂಪು ತುಂಬಾ, ಬಿಳಿ ಎಳೆಯಷ್ಟು, ಹಳದಿ ಇನ್ನೂ ಕಡಿಮೆ.

ಇದನ್ನು ಬಟ್ಟೆಗೆ ತರಬೇಕು ಅಂದರೆ ಚಿತ್ತಾರವನ್ನೇ ಪ್ರಿಂಟ್ ಹಾಕಿಸುವ ಅಗತ್ಯ ಇಲ್ಲ. ಪ್ಲೇನ್ ಕೆಂಪು ಹತ್ತಿ ಬಟ್ಟೆ ತಗೊಂಡೆ. ಕುತ್ತಿಗೆಗೆ, ತೋಳಿನ ತುದಿಗೆ ಬಿಳಿ ಪೈಪಿಂಗ್ ಅಂತ ಹೇಳಿದೆ. ಟೈಲರ್ ಅಣ್ಣ ಮಾಮೂಲಿ ದಪ್ಪದ ಒಂದು ತುಂಡು ಹೊಲಿದು ತೋರಿಸಿದರು.

"ಇದರ ಅರ್ಧ ಮಾಡ್ರಿ ಅಣ್ಣ."

"ಅರ್ಧ ಮಾಡಿದ್ರೆ ಕಾಣಂಗಿಲ್ಲ ಮೇಡಂ."

"ಕೆಂಪಿನ ಮೇಲೆ ಬಿಳಿ ಕಾಣದೆ ಎಲ್ಲಿ ಹೋಗುತ್ತೆ?"

ಅವರು ಬಟ್ಟೆಯನ್ನು ಕ್ರಾಸ್ ಕಟ್ ಮಾಡಿ, ಒಳಗೆ ತೆಳುವಾದ ದಾರ ಇಟ್ಟು, ಆ ದಾರಕ್ಕೆ ತಾಗಿಸಿಕೊಂಡೇ ಹೊಲಿಗೆ ಓಡಿಸಿದರು. ಬಿಳಿ ಎಳೆ ಒಂದು ಕುತ್ತಿಗೆ ಸುತ್ತ ಹೊಳೆಯಿತು. ಆಮೇಲೆ ಹಳದಿಗೆ ಒಂದೇ ಒಂದು ಗುಂಡಿ. ಜನ ಜಾಸ್ತಿ ಕೇಳುವುದು ಈ ಕುರ್ತಾ ಬಗ್ಗೆಯೇ. ಇದರಲ್ಲಿ ಸಾಗರದಿಂದ ಬಂದ ಒಂದು ನೂಲೂ ಇಲ್ಲ.

ಚಿತ್ರವನ್ನು ಹಾಗೇ ತೆಗೆದು ಸೀರೆ ಮೇಲೆ ಡಿಜಿಟಲ್ ಪ್ರಿಂಟ್ ಹೊಡೆಯುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಉಟ್ಟಾಗ ಚಿತ್ರ ನೆರಿಗೆಯಲ್ಲಿ ಮಡಚಿ ಹೋಗುತ್ತದೆ, ಮುಖ ಒಂದು ಕಡೆ, ಕೈ ಒಂದು ಕಡೆ. 1965ರಲ್ಲಿ ಪ್ಯಾರಿಸ್‌ನ ಡಿಸೈನರ್ ಈವ್ ಸಾಂ ಲೊರಾಂ ಡಚ್ ಕಲಾವಿದ ಮೊಂಡ್ರಿಯಾನ್‌ನ ಚಿತ್ರಗಳಿಂದ ಫ್ರಾಕ್‌ಗಳನ್ನು ಮಾಡಿದರು. ಬಿಳಿ, ಕೆಂಪು, ನೀಲಿ, ಹಳದಿ ಚೌಕಗಳು, ನಡುವೆ ಕಪ್ಪು ಗೆರೆ. ಅವರು ಪ್ರಿಂಟ್ ಮಾಡಲಿಲ್ಲ. ಒಂದೊಂದು ಬಣ್ಣದ ತುಂಡನ್ನೂ ಬೇರೆ ಕತ್ತರಿಸಿ ಜೋಡಿಸಿದರು. ಮೈಗೆ ಸರಿಯಾಗಿ ಕೂರಲು ಬೇಕಾದ ಹೊಲಿಗೆಗಳು ಆ ಗೆರೆಗಳಲ್ಲೇ ಅಡಗಿಕೊಂಡವು. ಚಿತ್ರ ಅರ್ಥವಾದವರು ಮಾಡುವ ಕೆಲಸ ಅದು.

ಹೀಗೆ ನೋಡಿ ಕಲಿತು ತಮ್ಮದಾಗಿ ಮಾಡಿಕೊಳ್ಳುವುದು ನಮ್ಮಲ್ಲೂ ಹೊಸದಲ್ಲ. ರಾಜಾ ರವಿವರ್ಮ ಬರೋಡಾ ಮಹಾರಾಜರಿಗೆ ಪುರಾಣದ ಚಿತ್ರಗಳನ್ನು ಬರೆಯುವ ಮೊದಲು ದೇಶ ಸುತ್ತಿ ಎಲ್ಲೆಲ್ಲಿ ಹೆಂಗಸರು ಹೇಗೆ ಉಡುತ್ತಾರೆ ಅಂತ ನೋಡಿದರು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಅವರ ಸಂಗೀತಗಾರ್ತಿಯರ ಗುಂಪಿನ ಚಿತ್ರ ತಪ್ಪಿಸಬೇಡಿ. ಹನ್ನೊಂದು ಹೆಂಗಸರು, ಬೇರೆ ಬೇರೆ ಸೀಮೆಯ ಉಡುಗೆ. ಮುಂದೆ 1894ರಲ್ಲಿ ಅವರು ಮುಂಬೈಯಲ್ಲಿ ಪ್ರೆಸ್ ಹಾಕಿದರು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿ ಮನೆಮನೆಯ ದೇವರ ಕೋಣೆಗೆ ಬಂದರು. ಸೀರೆ ಅಂದರೆ ಹೀಗೆ ಇಳಿಬೀಳಬೇಕು, ಸೆರಗು ಹೀಗೆ ಬರಬೇಕು ಅಂತ ನಮ್ಮ ಕಣ್ಣಲ್ಲಿ ಕೂತಿರುವುದರಲ್ಲಿ ಆ ಚಿತ್ರಗಳ ಪಾಲು ದೊಡ್ಡದು. ಅದಕ್ಕೂ ಮೊದಲು, 1860ರ ದಶಕದಲ್ಲಿ, ರವೀಂದ್ರನಾಥ ಠಾಕೂರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ ಗಂಡನ ಜೊತೆ ಬಾಂಬೆಗೆ ಹೋದರು. ಅಲ್ಲಿ ಪಾರ್ಸಿ ಹೆಂಗಸರು ಉಡುವುದನ್ನು ನೋಡಿ, ತಮಗೆ ಬೇಕಾದಂತೆ ಬದಲಿಸಿಕೊಂಡು, ಕಲ್ಕತ್ತಾಕ್ಕೆ ಒಂದು ಹೊಸ ಉಡುಗೆ ತಂದರು. ರವಿಕೆ, ಲಂಗದ ಜೊತೆ ಸೀರೆ ಉಟ್ಟು ಹೆಂಗಸರು ಮನೆಯಿಂದ ಆಚೆ ಬರಲು ಅದು ಎಷ್ಟು ಸಹಾಯ ಮಾಡಿತೋ!

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ನಮ್ಮ ಜಿಲ್ಲೆಯಲ್ಲೇ ಇದೆ. ಲಂಬಾಣಿಗರ ಗುರು ಸಂತ ಸೇವಾಲಾಲರ ಊರು. ಜಯಂತಿಗೆ ಬರುವ ಲಂಬಾಣಿ ಅಜ್ಜಿಯರ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಕನ್ನಡಿ, ನಾಣ್ಯ, ಕವಡೆ, ಒಂದರ ಪಕ್ಕ ಒಂದು ಕೈಹೊಲಿಗೆ. ಅದು ಅವರ ಉಡುಗೆ, ಅವರ ಬಾಳು. ಅದನ್ನು ಪೂರ್ತಿ ಹಾಕಿಕೊಂಡು ಫೋಟೊಶೂಟ್ ಮಾಡುವುದು ನನಗೆ ಸರಿ ಅನ್ನಿಸುವುದಿಲ್ಲ. ಹಳೇ ಫೇಟಿಯಾ ಕತ್ತರಿಸಿ ಬ್ಯಾಗ್ ಮಾಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ, ಅಂದರೆ ಇದು ಆ ಊರಿನದೇ ಕಸುಬು ಅನ್ನುವ ಸರ್ಕಾರಿ ಗುರುತು ಇದೆ. ಇಷ್ಟವಾದರೆ ಅಲ್ಲಿ ಹೊಲಿಯುವವರಿಂದಲೇ, ಚೌಕಾಸಿ ಮಾಡದೆ ತಗೊಳ್ಳಿ. ಒಂದು ಅಂಗೈಯಗಲದ ಪಟ್ಟಿ ಸಾಕು. ನಾನು ಅದನ್ನು ಕಪ್ಪು ಬ್ಲೌಸಿನ ಬೆನ್ನಿಗೆ ಹಾಕಿಸಿಕೊಂಡಿದ್ದೇನೆ, ಸುತ್ತ ಬೇರೇನೂ ಇಲ್ಲ.

ದುರ್ಗದ ಕೋಟೆ ಕೂಡ ನನಗೆ ಬಟ್ಟೆ ಕಲಿಸಿದೆ. ಮಳೆ ನೀರು ಇಳಿದ ಕಡೆ ಬಂಡೆ ಮೇಲೆ ಕಪ್ಪು ಪಟ್ಟೆ, ಉಳಿದ ಕಡೆ ಬೂದು, ಬಿಸಿಲು ಬಿದ್ದ ಕಡೆ ತುಸು ಗುಲಾಬಿ. ಅದೇ ಬಣ್ಣ ಚಳ್ಳಕೆರೆಯ ಕಂಬಳಿಯಲ್ಲೂ ಇದೆ. ಬಣ್ಣ ಹಾಕದ ಕುರಿ ಉಣ್ಣೆ, ಹುಣಸೆ ಬೀಜದ ಗಂಜಿ ಹಾಕಿ ನೇಯ್ದಿದ್ದು. ಅಂಥ ಕಂಬಳಿಯಿಂದ ತೋಳಿಲ್ಲದ ಜಾಕೆಟ್ ಹೊಲಿಸಿದ್ದೇನೆ. ಮೈಗೆ ಚುಚ್ಚುತ್ತದೆ, ಅದಕ್ಕೆ ಒಳಗೆ ಬೂದು ಹತ್ತಿ ಲೈನಿಂಗ್. ಚಳಿಗಾಲದ ರೈಲಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಬರುವ ಮಾತು, "ನಿಮಗೇನು ಬಿಡಿ, ತಿರುಗ್ತೀರಿ. ನಮಗೆ ದುಡ್ಡು, ರಜೆ ಎರಡೂ ಇಲ್ಲ." ದಾವಣಗೆರೆಯವರು ಹಾಗೆ ಅನ್ನಬಾರದು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ ಇದು ತಡೆಯುತ್ತೋ ಇಲ್ಲವೋ ಹೇಳುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ರೇಷ್ಮೆ ಬೇಕಾದರೆ ಮೊಳಕಾಲ್ಮೂರು ಪಕ್ಕದ ಜಿಲ್ಲೆ.

ನೋಡುವುದಕ್ಕೆ ಹರಿಹರದಿಂದ ಶುರು ಮಾಡಿ, ಬಸ್ಸಿಗೆ ಅರ್ಧ ಗಂಟೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ದೇವಸ್ಥಾನ. ತಿರುಗುವ ಯಂತ್ರದಲ್ಲಿ ಕಡೆದಂಥ ಕಂಬಗಳಲ್ಲಿ ಉಂಗುರದ ಮೇಲೆ ಉಂಗುರ, ದಪ್ಪದ್ದು ಎಲ್ಲಿ, ಸಣ್ಣದ್ದು ಎಲ್ಲಿ ಅಂತ ನೋಡಿ. ತೋಳಿಗೆ, ಲಂಗದ ತುದಿಗೆ ಪಟ್ಟಿ ಹಾಕಿಸುವಾಗ ಅದೇ ಲೆಕ್ಕ. ಒಳಗೆ ಹರಿಹರೇಶ್ವರನಿಗೆ ಕೈಮುಗಿಯಿರಿ. ಬಲಕ್ಕೆ ಹರ, ಎಡಕ್ಕೆ ಹರಿ, ಒಂದೇ ಮೂರ್ತಿ. ಎರಡು ಬೇರೆ ಬಟ್ಟೆಯನ್ನು ನಡುವೆ ಜೋಡಿಸಿ ಕುರ್ತಾ ಹೊಲಿಸುವ ಯೋಚನೆ ನನಗೆ ಬಂದಿದ್ದು ಅಲ್ಲಿ ನಿಂತಾಗಲೇ. ವಾಪಸ್ ಬರುವಾಗ ಪೇಟೆಯಲ್ಲಿ ಇಳಿದು ಎರಡೂವರೆ ಮೀಟರ್ ಹತ್ತಿ ಬಟ್ಟೆ ತಗೊಳ್ಳಿ. ಬಣ್ಣ ಆರಿಸುವುದು ಕಷ್ಟ ಅನ್ನಿಸಿದರೆ ಹೇಳಿ, ನಾನೂ ಅಂಗಡಿಗೆ ಬರ್ತೀನಿ.